ಮುಳ್ಳು-ಕೋಲಿನ ಹಚ್ಚೆ: ವರ್ಷದ ಅಭ್ಯಾಸದ ಪುಸ್ತಕ ತೆರೆದಿಟ್ಟು ಕೇಳ್ತಿದ್ದೀನಿ

ಕೌಲ್‌ಬಜಾರ್_ಶಾಯಿ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮುಗೀತು, ಅಭ್ಯಾಸದ ಪುಸ್ತಕ ಕೂಡಿಸಿ ನೋಡ್ದೆ. ವರ್ಷಪೂರ್ತಿ ಮಷಿನ್ ಮುಟ್ಟದೆ ಕೋಲಿನಿಂದ ಬಡಿದು ಹಚ್ಚೆ ಹಾಕೋದನ್ನ ರೂಢಿ ಮಾಡ್ತಿದ್ದೀನಿ. ಫಿಲಿಪ್ಪೀನ್ಸ್‌ನ ಗುಡ್ಡಗಾಡಿನವರ ಬಾತೊಕ್ ಪದ್ಧತಿ: ಎಡಗೈಯಲ್ಲಿ ಮುಳ್ಳು ಸಿಗಿಸಿದ ಕೋಲು, ಬಲಗೈಯಲ್ಲಿ ಬಡಿಯೋ ಕೋಲು.

ಒಟ್ಟು 46 ಸಲ ಕೂತಿದ್ದು. 34 ಸಿಲಿಕಾನ್ ಹಾಳೆ ಮೇಲೆ, 12 ಹಂದಿ ಚರ್ಮದ ಮೇಲೆ. ಮನುಷ್ಯರ ಮೈಮೇಲೆ ಒಂದೂ ಇಲ್ಲ. ಮೂರು ತಪ್ಪು ವರ್ಷಪೂರ್ತಿ ಬೆನ್ನು ಬಿಟ್ಟಿಲ್ಲ.

ಒಂದು, ಹಂದಿ ಚರ್ಮ ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು ನೋಡಿದ್ರೆ 12ರಲ್ಲಿ 7ರಲ್ಲಿ ಶಾಯಿ ಕೆಳಗಿನ ಕೊಬ್ಬಿನವರೆಗೂ ಇಳಿದಿದೆ. ಎರಡು, ಏಪ್ರಿಲ್-ಮೇನಲ್ಲಿ ಮಾಡಿದ ಗೆರೆಗಳೆಲ್ಲ ಹರಿದು ಹರಿದು ಬಂದಿವೆ, ಅದೇ ಕೈ, ಅದೇ ಶಾಯಿ, ಆಗಸ್ಟ್‌ನಲ್ಲಿ ಪರವಾಗಿಲ್ಲ. ಮೂರು, 5 ಬಿದಿರು ಕೋಲು ಸೀಳಿದವು, ಐದೂ ಮುಳ್ಳಿನ ತೂತಿನ ಹತ್ರಾನೇ.

ಮುಳ್ಳು ನಿಂಬೆ ಗಿಡದ್ದು. ಜಾಲಿ ಮುಳ್ಳು ಇನ್ನೂ ಗಟ್ಟಿ ಅಂತ ಒಬ್ಬರು ಹೇಳಿದ್ರು, ಆಗುತ್ತಾ? ಮುಂದಿನ ವರ್ಷ ಮನುಷ್ಯರ ಮೇಲೆ ಶುರು ಮಾಡೋಕೆ ಮೊದಲು ಯಾವುದನ್ನ ಸರಿಮಾಡಬೇಕು? ಅಂಗಡಿಗೆ ಬರೋರು ಫಿಲಿಪ್ಪೀನ್ಸ್ ಅಜ್ಜಿ ವಿಡಿಯೋ ತೋರಿಸಿ ಅದೇ ಚಿತ್ರ ಬೇಕು ಅಂತಾರೆ. ಹಾಕಬಹುದಾ, ಇಲ್ಲ ನಮ್ಮ ಹಣಚಿಬಟ್ಟಿನ (ನಮ್ಮೂರ ಕಡೆಯ ಹಳೇ ಹಚ್ಚೆಯ) ಚಿತ್ರಾನೇ ಇದೇ ಕೋಲಿನಿಂದ ಹಾಕೋದಾ?

ಬಿದಿರುಗಣ್ಣು (ಗಂಗಾವತಿ)

ಅಣ್ಣಾರ, ಕೊಯ್ದು ನೋಡಿದ್ದು ಬಾಳ ಚಲೋ ಮಾಡೀರಿ. ಮ್ಯಾಲಿಂದ ಫೋಟೋ ತೆಗೆದು ಗೆರಿ ಚಂದ ಬಂದೈತಿ ಅಂತ ಬಿಡೋರೇ ಹೆಚ್ಚು. ಶಾಯಿ ಎಲ್ಲಿ ನಿಂತೈತಿ ಅನ್ನೋದು ಮ್ಯಾಲಿಂದ ಕಾಣೂದಿಲ್ಲ.

ಮೊದಲು ಆಳ ಸರಿ ಮಾಡ್ರಿ, ಉಳಿದದ್ದು ಆಮ್ಯಾಗ. ಶಾಯಿ ನಿಲ್ಲಬೇಕಾದ್ದು ಒಳಚರ್ಮದ ಮೇಲ್ಭಾಗದಾಗ, 1ರಿಂದ 1.5 ಮಿ.ಮೀ. ಒಳಗ. ಅದಕ್ಕಿಂತ ಮ್ಯಾಲೆ ನಿಂತ್ರ ಮೂರು ವಾರದಾಗ ಸಿಪ್ಪಿ ಜೊತಿ ಉದುರಿ ಹೋಗ್ತೈತಿ. ಕೆಳಗ ಇಳಿದ್ರ ಕೊಬ್ಬಿನಾಗ ಅಡ್ಡಡ್ಡ ಹರಡಿ ಗೆರಿ ಪಕ್ಕ ನೀಲಿ ನೆರಳು ಬೀಳ್ತೈತಿ. ಮಷಿನ್‌ನೋರು ಬ್ಲೋಔಟ್ ಅಂತಾರಲ್ಲ, ಅದು. ತಿದ್ದಾಕ ಬರೂದಿಲ್ಲ. ಅಂಗಡ್ಯಾಗ ಸಿಗೋ ಹಂದಿ ಚರ್ಮ ನಮ್ಮ ಮುಂಗೈ ಚರ್ಮಕ್ಕಿಂತ ದಪ್ಪ ಇರ್ತೈತಿ. ಅದರಾಗೇ ಕೊಬ್ಬು ಮುಟ್ಟೈತಿ ಅಂದ್ರ ಮನುಷ್ಯರ ಮುಂಗೈಯಾಗ ಇನ್ನೂ ಕೆಳಗ ಹೋಗಿರ್ತಿತ್ತು. ಆ 7 ಸೊನ್ನಿ ಆಗೋತನಕ ಯಾರ ಮೈನೂ ಮುಟ್ಟಬ್ಯಾಡ್ರಿ.

ಅಳಿಯೋ ದಾರಿ ಸರಳ ಐತಿ. 2 ಮಿ.ಮೀ. ದಪ್ಪದ ಸಿಲಿಕಾನ್ ಹಾಳಿ ಕೆಳಗ ಬಿಳಿ ಕಾಗದ ಇಡ್ರಿ. 100 ಬಡಿತ ಬಡೀರಿ. ಹಾಳಿ ಎತ್ತಿ ಕಾಗದದ ಮ್ಯಾಲೆ ಎಷ್ಟು ಚುಕ್ಕಿ ಬಿದ್ದಾವ ಎಣಸ್ರಿ. ಬಿದ್ದ ಒಂದೊಂದು ಚುಕ್ಕಿನೂ 2 ಮಿ.ಮೀ. ದಾಟಿದ್ದು. ಬೇಕಾದ್ದು ಸೊನ್ನಿ, ಅದೂ ಒಂದು ಹಾಳ್ಯಾಗ ಅಲ್ಲ, ಸಾಲಿಗೆ ಹತ್ತು ಹಾಳ್ಯಾಗ.

ಆಳ ಹೆಚ್ಚಾಗೂದು ಕೈಬಲದಿಂದ ಅಂತ ಎಲ್ಲರೂ ತಿಳ್ಕೊಂತಾರ. ಬಡಿಯೋ ಜಾಗಾನ ತಪ್ಪಿರ್ತೈತಿ. ಬಾತೊಕ್ ಹಾಕೋ ಫಿಲಿಪ್ಪೀನ್ಸ್ ಗುಡ್ಡದ ಕಲಿಂಗದೋರು ಮುಳ್ಳಿನ ಕೋಲಿಗೆ ಗಿಸಿ ಅಂತಾರ, ಬಡಿಯೋದಕ್ಕ ಪಾತಿಕ್. ಏಟು ಬೀಳೂದು ಮುಳ್ಳಿನ ತುದಿ ಹತ್ರ. ಹಿಂದಕ್ಕ, ಹಿಡಿದ ಕೈ ಕಡೆ ಬಡಿದ್ರ ಕೋಲು ತಕ್ಕಡಿ ಹಂಗ ತೂಗ್ತೈತಿ, ಮುಳ್ಳಿನ ತುದಿ ನೆಟ್ಟಗ ಇಳಿಯೂದು ಬಿಟ್ಟು ಕಮಾನಿನಂಗ ಓರೆಯಾಗಿ ಇಳಿದು ಚರ್ಮ ಗೀರತೈತಿ. ಓರೆ ತೂತಿನಾಗ ಶಾಯಿ ಒಂದೇ ಕಡೆ ಸೇರ್ತೈತಿ. ಮುಳ್ಳಿನಿಂದ ಮೂರು ಬೆರಳು ಅಗಲ ಕೋಲಿಗೆ ಸುಣ್ಣದ ಪಟ್ಟಿ ಹಚ್ರಿ. ಐದು ನಿಮಿಷ ಬಡಿದು ನೋಡ್ರಿ: ಸುಣ್ಣ ಪಟ್ಟಿಯೊಳಗ ಮಾತ್ರ ಉದುರಿರಬೇಕು. ಬಡಿಯೋ ಕೋಲು ಎತ್ತೂದು ನಾಲ್ಕೈದು ಸೆಂ.ಮೀ., ಅಷ್ಟೇ. ಮಣಿಕಟ್ಟಿನಿಂದ ಬಡೀರಿ, ಮೊಣಕೈ ಅಲುಗಬಾರದು.

ಇನ್ನ ಚರ್ಮ ಬಿಗಿ ಹಿಡಿಯೋ ಕೈ. ಸಿಲಿಕಾನ್ ಹಾಳಿ ಹಲಗಿಗೆ ಅಂಟಿಸಿ ಅಭ್ಯಾಸ ಮಾಡಿದೋರಿಗೆ ಇದು ಗೊತ್ತೇ ಆಗಿರೂದಿಲ್ಲ. ಮನುಷ್ಯರ ಚರ್ಮ ಸಡಿಲ ಇದ್ರ ಮುಳ್ಳು ತಾಗಿದ ಕೂಡ್ಲೆ ತಗ್ಗು ಬಿದ್ದು ಪುಟಿತೈತಿ, ಮುಳ್ಳು ಒಳಗ ಹೋಗಂಗಿಲ್ಲ, ಆಗ ನೀವು ಜೋರು ಮಾಡ್ತೀರಿ, ಮುಂದಿನ ಬಡಿತ ಕೊಬ್ಬಿಗೇ ಹೋಗ್ತೈತಿ. ನಿಮ್ಮ ಎರಡೂ ಕೈ ಕೋಲಿನಾಗ ಇರ್ತಾವ. ಹಂಗಾಗಿ ಚರ್ಮ ಹಿಡಿಯಾಕ ಇನ್ನೊಬ್ಬರು ಬೇಕೇ ಬೇಕು, ಅವರೂ ಕಲಿಬೇಕು. ಗೆರಿಯ ಎರಡೂ ಪಕ್ಕ ಅಂಗೈ ಊರಿ ಎದುರುಬದುರು ಎಳೀಬೇಕು, ಗೆರಿ ತಿರುಗಿದಂಗ ಎಳೆಯೋ ದಿಕ್ಕೂ ತಿರುಗಬೇಕು. ಈ ವರ್ಷದ 46ರಾಗ ಇನ್ನೊಬ್ಬರು ಹಿಡಿದದ್ದು ಎಷ್ಟು ಅಂತ ಪುಸ್ತಕದಾಗ ಐತೇನು? ಇಲ್ಲಂದ್ರ ಅಭ್ಯಾಸ ಅರ್ಧಾನ ಆಗೈತಿ. ಹಂದಿ ಚರ್ಮ ಹಲಗಿಗೆ ಮೊಳೆ ಹೊಡೀಬ್ಯಾಡ್ರಿ, ಬಾಟ್ಲಿಗೆ ಸುತ್ತಿ ಇನ್ನೊಬ್ಬರ ಕೈಯಾಗ ಕೊಡ್ರಿ.

ಏಪ್ರಿಲ್-ಮೇನಾಗ ಗೆರಿ ಹರಿಯೂದು ಶಾಯಿ ಒಣಗಿ. ನಮ್ಮ ಕಡೆ 40 ಡಿಗ್ರಿ, ಮ್ಯಾಲೆ ಫ್ಯಾನ್ ಗಾಳಿ ಮುಳ್ಳಿಗೇ ನೇರ. ನೀರು ಆರಿ ಶಾಯಿ ಮುಳ್ಳಿನ ಮ್ಯಾಲೇ ಪೊರೆ ಕಟ್ತೈತಿ, ತೂತು ಬೀಳ್ತೈತಿ, ಶಾಯಿ ಇಳಿಯೂದಿಲ್ಲ. ಬ್ಯಾಸಿಗಿಯಾಗ 10-12 ಬಡಿತಕ್ಕೊಮ್ಮೆ ಅದ್ರಿ, ಶಾಯಿ ಬಟ್ಟಲು 20 ನಿಮಿಷಕ್ಕ ಬದಲ್ಸ್ರಿ, ಫ್ಯಾನ್ ಗೋಡಿ ಕಡೆ ತಿರುಗಿಸ್ರಿ. ಗಟ್ಟಿಯಾದ ಶಾಯಿಗೆ ನೀರು ಹನಿಸಿ ಸಡಿಲ ಮಾಡಬ್ಯಾಡ್ರಿ, ಹೊಸದು ತಗೊಳ್ರಿ.

ಕೋಲು ಸೀಳೂದು: ತೂತು ಎಲ್ಲಿ ಕೊರದೀರಿ ನೋಡ್ರಿ. ಬಿದಿರಿನ ಗಣ್ಣು ತೂತಿಗೂ ತುದಿಗೂ ನಡುವ ಇರಬೇಕು. ಗಣ್ಣಿನ ಹಿಂದಿನ ಬರೀ ನಾರಿನಾಗ ಕೊರದು ತುದಿ ಬಯಲಾದ್ರ ಏಟಿನ ಒತ್ತು ನಾರಿನ ಉದ್ದಕ್ಕ ಓಡ್ತೈತಿ. ತೂತಿನ ಎರಡೂ ಪಕ್ಕ ಹತ್ತಿ ದಾರ ಹತ್ತು ಸುತ್ತು ಬಿಗೀರಿ. ದಾರ ಬಿಗಿದ ಮ್ಯಾಲೆ ಕೊರೀರಿ, ಕೊರದು ಆಮ್ಯಾಗ ಬಿಗಿಯೂದಲ್ಲ.

ವೇಗ ಅಂತ ಓಡಬ್ಯಾಡ್ರಿ. ಫೋನಿನಾಗ ತಾಳ ಹಾಕೋ ಮೆಟ್ರೊನೋಮ್ ಆ್ಯಪ್ ಹಾಕಿ ನಿಮಿಷಕ್ಕ 60 ಬಡಿತ. ಒಂದು ಚುಕ್ಕಿ ಅರ್ಧ ಹಿಂದಿನ ಚುಕ್ಕಿ ಮ್ಯಾಲೆ ಬೀಳಬೇಕು. ಅದು ಕೈಗೆ ಕೂತ ಮ್ಯಾಲೆ 90.

ಬಿಳಿಡಬ್ಬಿ (ಕೊಪ್ಪಳ)

ಮುಳ್ಳಿನ ಪ್ರಶ್ನೆಗೆ ಉತ್ತರ: ಅಭ್ಯಾಸದ ಹಾಳೆಗೆ ನಿಂಬೆ ಮುಳ್ಳು ಇರಲಿ, ಮನುಷ್ಯರ ಮೈಗೆ ಯಾವ ಮುಳ್ಳೂ ಬೇಡ. ಕಲಿಂಗದವರು ಚಕ್ಕೋತ ಅಥವಾ ಕಲಮನ್ಸಿ ನಿಂಬೆಯ ಮುಳ್ಳು ಬಳಸುತ್ತಾರೆ. ಆ ಜಾತಿಯ ಮುಳ್ಳು ನೆಟ್ಟಗೆ, ಗಟ್ಟಿಯಾಗಿ ಇರುತ್ತದೆ. ಆದರೆ ಮುಳ್ಳಿನ ಮೈಯಲ್ಲಿ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ, ತುದಿ ಒಳಗೇ ಮುರಿಯಬಹುದು. ಜಾಲಿಯಂತೂ ಮುಟ್ಟಬೇಡಿ, ಅದರಲ್ಲೂ ಬಳ್ಳಾರಿ ಜಾಲಿ. ಆ ಮುಳ್ಳು ಚುಚ್ಚಿದ ಜಾಗ ವಾರಗಟ್ಟಲೆ ಬಾವು ಇಳಿಯದೆ ಇರುವುದು ಹೊಲಕ್ಕೆ ಹೋಗುವವರಿಗೆಲ್ಲ ಗೊತ್ತು. ಅಂಥ ನೂರಾರು ಚುಚ್ಚುಗಳನ್ನು ಒಂದೇ ಮುಂಗೈ ಮೇಲೆ ಊಹಿಸಿಕೊಳ್ಳಿ.

ಮುಳ್ಳಿನ ಜಾಗಕ್ಕೆ ಒಂದೇ ಸಲ ಬಳಸುವ ಸ್ಟೆರೈಲ್ ಟ್ಯಾಟೂ ಸೂಜಿ ತನ್ನಿ: 0.35 ಮಿ.ಮೀ. ದಪ್ಪದ, ಐದು ಸೂಜಿ ದುಂಡಗೆ ಜೋಡಿಸಿದ ರೌಂಡ್ ಲೈನರ್ ಗೆರೆಗೆ ಸಾಕು. ಪೊಟ್ಟಣದ ಮೇಲೆ ಲಾಟ್ ನಂಬರ್ ಮತ್ತು ಅವಧಿ ಇರಬೇಕು, ಸ್ಟೆರೈಲ್ ಗುರುತಿನ ಬಣ್ಣ ಬದಲಾಗಿರಬೇಕು. ಬಡಿತದ ವಿದ್ಯೆ ಕೋಲಿನಲ್ಲಿ, ಕೈಯಲ್ಲಿ ಇದೆ, ಸೂಜಿ ಬದಲಾದರೆ ಅದು ಕೆಡುವುದಿಲ್ಲ. ಬೇರೆ ದೇಶಗಳಲ್ಲಿ ಈ ಪದ್ಧತಿ ಮಾಡುವ ಎಷ್ಟೋ ಜನ ಉಕ್ಕಿನ ಸೂಜಿಗೆ ಬಂದಿದ್ದಾರೆ.

ಬಿದಿರು ಕೋಲನ್ನು ಒಬ್ಬರಿಂದ ಇನ್ನೊಬ್ಬರಿಗೆ ಬಳಸುವಂತಿಲ್ಲ. ಬಿದಿರು ರಕ್ತ ಹೀರುತ್ತದೆ, ಒರೆಸಿದರೆ ಹೋಗುವುದಿಲ್ಲ. ಆಟೋಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಪಾತ್ರೆ) ಹಾಕಿದರೆ ನಾರು ಬಿಡುತ್ತದೆ. ಒಂದೋ ಒಬ್ಬರಿಗೆ ಒಂದು ಕೋಲು, ಕೆಲಸ ಮುಗಿದ ಮೇಲೆ ವಿಲೇವಾರಿ. ಇಲ್ಲವೇ ಸೂಜಿ ಕೂರುವ ಮುಂಭಾಗ ಸ್ಟೇನ್‌ಲೆಸ್ ಸ್ಟೀಲಿನದು ಮಾಡಿಸಿ, ಲೇತ್ ಇರುವ ಯಾವ ವರ್ಕ್‌ಶಾಪ್‌ನಲ್ಲೂ ಆಗುತ್ತದೆ, ಸ್ಕ್ರೂನಿಂದ ಬಿಚ್ಚುವಂತಿರಲಿ. ಆ ಭಾಗ ತೊಳೆದು, ಪೌಚ್‌ನಲ್ಲಿ ಹಾಕಿ, ಆಟೋಕ್ಲೇವ್‌ನಲ್ಲಿ 121 ಡಿಗ್ರಿ, 15 ಪೌಂಡ್ ಒತ್ತಡ, 30 ನಿಮಿಷ. ಗಡಿಯಾರ ನೋಡುವುದು 121 ಮುಟ್ಟಿದ ಮೇಲೆ, ಒಲೆ ಹಚ್ಚಿದಾಗಿನಿಂದ ಅಲ್ಲ. ತೊಳೆಯದೆ ಹಾಕಿದರೆ ಒಣಗಿದ ರಕ್ತದ ಕೆಳಗೆ ಹಬೆ ತಲುಪುವುದಿಲ್ಲ. ಬರೀ ಕುದಿಸುವುದು, ಸ್ಪಿರಿಟ್ ಒರೆಸುವುದು, ದೀಪಕ್ಕೆ ಹಿಡಿಯುವುದು, ಇದ್ಯಾವುದೂ ಸಾಲದು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಬದುಕಿರುತ್ತದೆ.

ನೀವು ಮತ್ತು ಚರ್ಮ ಹಿಡಿಯುವವರು ಇಬ್ಬರೂ ಹೆಪಟೈಟಿಸ್ ಬಿ ಲಸಿಕೆ ಈಗಲೇ ಶುರುಮಾಡಿ: ಮೊದಲನೆಯದು, 1 ತಿಂಗಳಿಗೆ ಎರಡನೆಯದು, 6 ತಿಂಗಳಿಗೆ ಮೂರನೆಯದು. ಜನವರಿಯಲ್ಲಿ ಹಾಕಿಸಿಕೊಂಡರೆ ಜುಲೈಗೆ ಮುಗಿಯುತ್ತದೆ. ಮನುಷ್ಯರ ಮೇಲೆ ಶುರುಮಾಡುವ ದಿನವನ್ನು ಅದರಿಂದಲೇ ಲೆಕ್ಕ ಹಾಕಿ. ಮಷಿನ್‌ಗಿಂತ ಕೋಲಿನಲ್ಲಿ ಹನಿ ಸಿಡಿಯುವುದು ಬೇರೆ ರೀತಿ, ಏಟಿಗೆ ಎದುರಿನವರ ಕಡೆಗೆ ಹಾರುತ್ತದೆ. ಚರ್ಮ ಹಿಡಿದವರ ಮುಖ ಅಲ್ಲೇ ಒಂದು ಗೇಣು ದೂರದಲ್ಲಿ ಇರುತ್ತದೆ. ಇಬ್ಬರಿಗೂ ಕನ್ನಡಕ, ಮಾಸ್ಕ್, ನೈಟ್ರೈಲ್ ಗ್ಲೌಸ್.

ಶಾಯಿ: ಕಲಿಂಗದ ಬುಸ್ಕಾಲನ್ ಹಳ್ಳಿಯಲ್ಲಿ ಮಸಿಯನ್ನು ನೀರಲ್ಲಿ ಕಲಸುತ್ತಾರೆ ಎಂದು ಇಲ್ಲಿ ಪಾತ್ರೆ ತಳದ ಮಸಿ ಕೆರೆಯಬೇಡಿ. ಸೀಲ್ ಇರುವ ಕಪ್ಪು ಶಾಯಿ ತನ್ನಿ. ಅದಕ್ಕೆ ನಲ್ಲಿ ನೀರು, ಆರ್‌ಒ ನೀರು ಬೆರೆಸಬೇಡಿ. ನೀರಿನಲ್ಲಿರುವ ಮೈಕೋಬ್ಯಾಕ್ಟೀರಿಯಾ ಜಾತಿಯ ಕ್ರಿಮಿಗಳು ಹಚ್ಚೆಯ ಗೆರೆಯುದ್ದಕ್ಕೂ ಗುಳ್ಳೆ ಎಬ್ಬಿಸಿದ ಪ್ರಕರಣಗಳು 2011-12ರಲ್ಲಿ ಅಮೆರಿಕದಲ್ಲಿ ಸಾಲುಸಾಲಾಗಿ ಬಂದವು. ಗುಳ್ಳೆ ಏಳುವುದು ಎರಡು-ಮೂರು ವಾರ ಕಳೆದ ಮೇಲೆ, ಆದ್ದರಿಂದ ಶಾಯಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ತೆಳು ಮಾಡಲೇಬೇಕಿದ್ದರೆ ಮೆಡಿಕಲ್ ಶಾಪಿನ ಸ್ಟೆರೈಲ್ ವಾಟರ್ ಆಂಪೂಲ್ ಒಡೆದು ಬಳಸಿ, ಉಳಿದದ್ದು ಚೆಲ್ಲಿ.

ವಾಸಿಯಾಗುವ ಕಾಲದ ವಿಚಾರ ನಮ್ಮ ಸೀಮೆಗೆ ತಕ್ಕಂತೆ ಹೇಳಬೇಕು. ಮೂರು ವಾರ ತುಂಗಭದ್ರಾ ಕಾಲುವೆಗೆ ಇಳಿಯುವಂತಿಲ್ಲ, ಭತ್ತದ ಕೆಸರಿಗೆ ಕೈ ಹಾಕುವಂತಿಲ್ಲ. ನಾಟಿ ಮಾಡುವವರು ಬಂದರೆ ನಾಟಿ ಮುಗಿದ ಮೇಲೆ ಬನ್ನಿ ಎಂದು ಕಳಿಸಿ. ಸಂಡೂರು ಕಡೆಯ ಗಣಿ ಕೆಲಸದವರಿಗೆ ಮೊದಲ ವಾರ ಧೂಳು ಕೂರದಂತೆ ಸಡಿಲವಾದ ತೋಳಿನ ಅಂಗಿ. ದಿನಕ್ಕೆ ಎರಡು ಸಲ ಕುದಿಸಿ ಆರಿಸಿದ ನೀರು, ಸಾದಾ ಸೋಪು, ಒತ್ತಿ ಒರೆಸುವುದು. ಅರಿಶಿನ, ಕೊಬ್ಬರಿ ಎಣ್ಣೆ ಹಸಿಗಾಯಕ್ಕೆ ಬೇಡ. ಕೀವು, ಜ್ವರ, ಕೆಂಪು ಗೆರೆ ಮೇಲಕ್ಕೆ ಹರಿಯುವುದು ಕಂಡರೆ ಅಂದೇ ಆಸ್ಪತ್ರೆ. ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ, ಇದನ್ನು ಹಾಕುವ ಮೊದಲೇ ಹೇಳಿ. ಬಳಸಿದ ಸೂಜಿ ಹೋಗುವುದು ಚುಚ್ಚದಂಥ ಬಿಳಿ ಡಬ್ಬಿಗೆ, ಮನೆಯ ಕಸಕ್ಕಲ್ಲ.

ಮಸ್ಕಿದಾರಿ (ರಾಯಚೂರು)

ಮೊದಲ ಮಾತು, ಈ ಕಲಿಂಗ ನಮ್ಮ ಮಸ್ಕಿ ಶಾಸನದ ಅಶೋಕನ ಕಳಿಂಗ ಅಲ್ರಿ. ಫಿಲಿಪ್ಪೀನ್ಸ್‌ನ ಲುಜಾನ್ ದ್ವೀಪದ ಉತ್ತರಕ್ಕಿರೋ ಕಾರ್ಡಿಲೆರ ಗುಡ್ಡದ ಒಂದು ಪ್ರಾಂತ್ಯ. ಅಂಗಡಿಗೆ ಬಂದೋರಿಗೆ ಇಷ್ಟಾದರೂ ಹೇಳಬೇಕು.

ವಿಡಿಯೋದಾಗ ಇರೋ ಅಜ್ಜಿ ವಾಂಗ್-ಓಡ್, 1917ರಾಗ ಹುಟ್ಟಿದೋರು, ತಿಂಗ್ಲಾಯನ್ ತಾಲ್ಲೂಕಿನಂಥ ಜಾಗದ ಬುಸ್ಕಾಲನ್ ಹಳ್ಳಿಯೋರು. 2023ರ ಏಪ್ರಿಲ್‌ನಾಗ 106ರ ವಯಸ್ಸಿನಾಗ ವೋಗ್ ಫಿಲಿಪ್ಪೀನ್ಸ್ ಪತ್ರಿಕೆಯ ಮುಖಪುಟಕ್ಕ ಬಂದ್ರು. ಈ ವಿದ್ಯೆ ಅಲ್ಲಿ ರಕ್ತಸಂಬಂಧದಾಗೇ ದಾಟಬೇಕು ಅನ್ನೋದು ರೂಢಿ. ಅವರಿಗೆ ಮಕ್ಕಳಿಲ್ಲ, ಅದಕ್ಕ ತಮ್ಮ ಮನೆತನದ ಮೊಮ್ಮಕ್ಕಳ ಸಾಲಿನ ಗ್ರೇಸ್ ಪಾಲಿಕಾಸ್, ಎಲ್ಯಾಂಗ್ ವಿಗನ್ ಇಬ್ಬರಿಗೂ ಕಲಿಸಿದ್ರು. ಅಜ್ಜಿ ಈಗ ಬಂದೋರಿಗೆ ಹಾಕೋದು ಮೂರು ಚುಕ್ಕಿ, ಅದು ಅವರ ಸಹಿ. ಮಂದಿ ನಿಮ್ಮ ಅಂಗಡಿಗೆ ಬಂದು ಆ ಮೂರು ಚುಕ್ಕಿ ಕೇಳಿದ್ರ ಹಾಕಬ್ಯಾಡ್ರಿ. ಒಬ್ಬರ ಸಹಿ ಇನ್ನೊಬ್ಬರು ಹಾಕಿದಂಗ ಆಗ್ತದ.

ಚಿತ್ರಗಳದ್ದೂ ಹಂಗೇ. ಗಂಡಸರ ಎದಿ ಮ್ಯಾಲಿನ ಬಿಕ್ಕಿಂಗ್ ಅನ್ನೋದು ಯುದ್ಧದಾಗ ಗಳಿಸಬೇಕಾಗಿದ್ದ ಗುರುತು, ದುಡ್ಡು ಕೊಟ್ಟು ಕೊಳ್ಳೋದಲ್ಲ. ಹೆಣ್ಮಕ್ಕಳ ತೋಳಿನ ಸಾಲುಗಳು ಚೆಲುವಿಗೆ, ವಯಸ್ಸಿಗೆ ಬಂದದ್ದಕ್ಕ. ಜರಿ ಹುಳ, ಹೆಬ್ಬಾವಿನ ಪೊರಿ, ಜರೀಗಿಡದ ಎಲಿ, ಭತ್ತದ ಸಿವುಡು, ಎಲ್ಲ ಅವರ ಊರಿನ ಅರ್ಥ ಇಟ್ಕೊಂಡೇ ಅದಾವ. ಸ್ಪೇನಿನವರು 1565ರಿಂದ ನೆಲೆ ಊರಿದ ಮ್ಯಾಲೆ ವಿಸಾಯಸ್ ದ್ವೀಪಗಳಾಗ ಹಚ್ಚಿ ನಿಂತೇ ಹೋಯ್ತು. ಅಲ್ಲಿನ ಮೈತುಂಬ ಹಚ್ಚಿ ಇದ್ದೋರನ್ನ ಅವರು ಪಿಂತಾದೋಸ್, ಬಣ್ಣ ಬಳಿದೋರು, ಅಂತ ಕರೀತಿದ್ರು. ಗುಡ್ಡದೋರು ಕೈಗೆ ಸಿಗದಿದ್ದಕ್ಕ ಅಲ್ಲಿ ಉಳೀತು. ಅಮೆರಿಕದಾಗ ನೆಲೆಸಿದ ಫಿಲಿಪಿನೋಗಳು 1998ರಾಗ ಕ್ಯಾಲಿಫೋರ್ನಿಯಾದಾಗ ತಾತಾಕ್ ನಂಗ್ ಅಪಾತ್ ನ ಅಲೋನ್ ಅನ್ನೋ ಬಳಗ ಕಟ್ಟಿ ಆ ಚಿತ್ರಗಳನ್ನ ಮತ್ತ ಮೈಮ್ಯಾಲೆ ತಂದ್ರು. ಅವರು ಹುಡುಕಿದ್ದು ತಮ್ಮ ಅಜ್ಜ-ಅಜ್ಜಿದು. ನೀವು ಅವರಿಂದ ತಗೋಬೇಕಾದ್ದು ಆ ಹುಡುಕೋ ರೀತಿ, ಜರಿ ಹುಳ ಅಲ್ಲ.

ನಮ್ಮ ಹಣಚಿಬಟ್ಟು ಕೋಲಿನದಲ್ಲ, ಬಡಿಯೋದಲ್ಲ. ಎರಡು-ಮೂರು ಸೂಜಿ ಒಟ್ಟಿಗೆ ದಾರದಿಂದ ಕಟ್ಟಿ ಕೈಯಿಂದ ಚುಚ್ಚೋದು. ಕೋಲಿನಿಂದ ಹಾಕಿ ಇದೇ ನಮ್ಮ ಹಳೇ ಪದ್ಧತಿ ಅಂತ ಬೋರ್ಡ್ ಬರೆದ್ರ ಎರಡೂ ಕಡೆ ತಪ್ಪು. ಚಿತ್ರ ನಮ್ಮದು, ಬಡಿತ ಅಲ್ಲಿಯದು ಅಂತ ಬಿಚ್ಚಿ ಹೇಳ್ರಿ. ಇಲ್ಲಾ ಸೂಜಿಕಟ್ಟು ಹಿಡಿಯೋದನ್ನೇ ಕಲೀರಿ. ನನ್ನ ಒಲವು ಎರಡನೇದಕ್ಕ ಅದ. ಕೊರವಂಜಿ ಹೆಣ್ಮಕ್ಕಳು ಹಾಡು ಹೇಳ್ತಾ ಹಾಕ್ತಿದ್ದ ಕೆಲಸ ಅದು, ನೋವು ಮರೆಸೋ ಹಾಡೂ ಅದರ ಭಾಗ. ಜಾತ್ರ್ಯಾಗ ಬ್ಯಾಟರಿ ಮಷಿನ್ ಬಂದ ಮ್ಯಾಲೆ ಸೂಜಿಕಟ್ಟು ಹಿಡಿದೋರು ಸಿಗೋದು ಕಷ್ಟ ಆಗ್ಯದ. ಕಲಿಸೋರು ಸಿಕ್ಕರ ದಿನಗೂಲಿ ಲೆಕ್ಕದಾಗಲ್ಲ, ಗುರುವಿಗೆ ಕೊಟ್ಟಂಗ ಕೊಡ್ರಿ.

ಚಿತ್ರ ಎಲ್ಲಿಂದ ತರೋದು? ಹಿರಿಯ ಅವ್ವಂದಿರ ಮುಂಗೈಯಿಂದ. ಕೇಳಿ, ಒಪ್ಪಿದ್ರ ಮಾತ್ರ. ಬೆಳಿಗ್ಗಿ ಬಿಸಿಲು ಓರೆಯಾಗಿ ಬೀಳೋ ಕಟ್ಟಿ ಮ್ಯಾಲೆ ಕೂಡಿಸ್ರಿ. ಒಂದು ಹನಿ ಕೊಬ್ರಿ ಎಣ್ಣಿ ಸವರಿದ್ರ ಒಣ ಚರ್ಮದ ಬಿಳುಪು ಹೋಗಿ ಮಾಸಿದ ಗೆರಿ ಎದ್ದು ಕಾಣ್ತಾವ. ದಪ್ಪ ಪ್ಲಾಸ್ಟಿಕ್ ಹಾಳಿ ಇಟ್ಟು ಸಣ್ಣ ಮಾರ್ಕರ್‌ನಿಂದ ಚುಕ್ಕಿಗೊಂದು ಚುಕ್ಕಿ ಇಡ್ರಿ, ಗೆರಿ ಎಳಿಯಬ್ಯಾಡ್ರಿ: ಚುಕ್ಕಿ ಎಣಿಕಿನೇ ಚಿತ್ರ. ಚೇಳಿನ ಬಾಲಕ್ಕ ಎಷ್ಟು ಚುಕ್ಕಿ, ತೊಟ್ಟಿಲ ಹಗ್ಗ ಎರಡೋ ನಾಕೋ, ತುಳಸಿಕಟ್ಟಿಗೆ ಮೆಟ್ಟಿಲು ಅದಾವೋ ಇಲ್ಲೋ, ಇದೆಲ್ಲ ಕೈಯಿಂದ ಕೈಗೆ ಬದಲಾಗ್ತದ. ವಯಸ್ಸಾದ ಚರ್ಮ ಜೋತು ಗೆರಿ ಹಿಗ್ಗಿರ್ತದ, ಅದಕ್ಕ ಅಗಲ ಬರ್ಕೊಂಡು ನಂಬಬ್ಯಾಡ್ರಿ, ಎಣಿಕಿ ನಂಬ್ರಿ. ಪಕ್ಕಕ್ಕ ಸ್ಕೇಲ್ ಇಟ್ಟು ಫೋಟೋ, ಫೋನಿನಾಗ ಕಪ್ಪು-ಬಿಳುಪು ಮಾಡಿದ್ರ ಇನ್ನೂ ಸ್ಪಷ್ಟ. ಆ ಚಿತ್ರಕ್ಕ ಅವ್ವ ಏನಂತಾರೋ ಅದೇ ಹೆಸರು ಬರೀರಿ, ಪುಸ್ತಕದ ಹೆಸರು ಬ್ಯಾಡ. ಯಾವ ಜಾತ್ರ್ಯಾಗ, ಯಾರು ಹಾಕಿದ್ರು, ಏನು ಕೊಟ್ರು, ಮೊರದ ಜೋಳನೋ ಹಳೇ ಸೀರಿನೋ, ಅದನ್ನೂ.

ಬಣ್ಣದ ಬಗ್ಗೆ ಒಂದು ಮಾತು. ಹಚ್ಚೆ ಅನ್ನೋ ಪದದಾಗೇ ಪಚ್ಚೆ, ಹಸಿರು ಅದ. ಹಳೇ ಶಾಯಿಯೂ ಕಪ್ಪು ಮಸಿನೇ, ಚರ್ಮದೊಳಗ ಕೂತ ಮ್ಯಾಲೆ ಬೆಳಕು ಚದುರಿ ನೀಲಿ-ಹಸಿರಾಗಿ ಕಾಣ್ತದ. ಅದಕ್ಕ ಹಸಿರು ಬೇಕು ಅಂತ ಜಾತ್ರ್ಯಾಗ ಸಿಗೋ ಹೆಸರಿಲ್ಲದ ಹಸಿರು ಶಾಯಿ ತರಬ್ಯಾಡ್ರಿ. ಕಪ್ಪೇ ಹಾಕ್ರಿ, ವರ್ಷ ಕಳೆದಂಗ ತಾನೇ ತಿರುಗ್ತದ.

ಕೌಲ್‌ಬಜಾರ್_ಶಾಯಿ (ಬಳ್ಳಾರಿ)

ಮೂವರಿಗೂ ಧನ್ಯವಾದ. ಚರ್ಮ ಇನ್ನೊಬ್ಬರು ಹಿಡಿದದ್ದು 46ರಲ್ಲಿ ಸೊನ್ನೆ. ಅದೇ ಜನವರಿಯ ಮೊದಲ ಕೆಲಸ. ಇನ್ನೆರಡು ಪ್ರಶ್ನೆ: ಸೈನ್ಯದ ಭರ್ತಿಗೆ ತಯಾರಾಗೋ ಹುಡುಗರು ಬಹಳ ಕೇಳ್ತಾರೆ, ಅವರಿಗೆ ಎಲ್ಲಿ ಹಾಕಬಹುದು? ಮತ್ತೆ ಮುಂದಿನ ವರ್ಷದ ಪುಸ್ತಕದಲ್ಲಿ ಏನೇನು ಬರೆದಿಡಬೇಕು?

ಬಿಳಿಡಬ್ಬಿ (ಕೊಪ್ಪಳ)

ಸೈನ್ಯದ ಭರ್ತಿಯಲ್ಲಿ ಶಾಶ್ವತ ಹಚ್ಚೆಗೆ ಅನುಮತಿ ಇರುವುದು ಮುಂಗೈಯ ಒಳಭಾಗ, ಅಂದರೆ ಮೊಣಕೈ ಒಳಗಿನಿಂದ ಮಣಿಕಟ್ಟಿನವರೆಗೆ, ಮತ್ತು ಹಸ್ತದ ಹಿಂಬದಿ. ಬುಡಕಟ್ಟು ಸಮುದಾಯದವರಿಗೆ ಅವರ ರೂಢಿಯಂತೆ ವಿನಾಯಿತಿ ಇದೆ. ತೋಳಿನ ಮೇಲ್ಭಾಗ, ಕತ್ತು, ಎದೆ ಕೇಳಿದರೆ ಹಾಕಬೇಡಿ. ಪೊಲೀಸ್ ಮತ್ತು ಉಳಿದ ಪಡೆಗಳಿಗೆ ಆಯಾ ಅಧಿಸೂಚನೆ ತರಿಸಿ, ಓದಿ, ಆಮೇಲೆ. 18 ತುಂಬದವರಿಗೆ ಯಾವುದೂ ಇಲ್ಲ, ಅಪ್ಪ-ಅಮ್ಮ ಜೊತೆಗೆ ಬಂದರೂ.

ಬಿದಿರುಗಣ್ಣು (ಗಂಗಾವತಿ)

ಪುಸ್ತಕದಾಗ ಎಷ್ಟು ಸಲ ಕೂತೆ ಅನ್ನೋದು ಮೊದಲನೇ ಕಾಲಮ್ ಆಗಬಾರದು. ಜುಲೈತನಕ ಹಾಳಿ, ಹಂದಿ ಚರ್ಮ: ಕಾಗದದ ಮ್ಯಾಲೆ ಬಿದ್ದ ಚುಕ್ಕಿ, ಕೊಯ್ದಾಗ ಕಂಡ ಆಳ, ಹಿಡಿದೋರು ಯಾರು, ಕೋಣಿ ಶಾಖ, ಎಷ್ಟು ಬಡಿತಕ್ಕ ಅದ್ದಿದ್ರಿ.

ಆಮ್ಯಾಗ ಮನುಷ್ಯರದ್ದಾದ್ರ ಒಬ್ಬರಿಗೆ ಒಂದು ಪುಟ. ಸೂಜಿಯ ಲಾಟ್ ನಂಬರ್, ಶಾಯಿಯ ಲಾಟ್ ನಂಬರ್, ಬಾಟ್ಲಿ ಒಡೆದ ದಿನ. ನಾಕು ಫೋಟೋ: ಆವತ್ತಿಂದು, 3ನೇ ದಿನ, 14ನೇ ದಿನ, 45ನೇ ದಿನ. ಒಂದೇ ಕಿಟಕಿ, ಒಂದೇ ಹೊತ್ತು, ಪಕ್ಕದಾಗ ಸ್ಕೇಲ್. ಆವತ್ತಿನ ಫೋಟೋದಾಗ ಎಲ್ಲ ಗೆರಿನೂ ಕಪ್ಪಾಗೇ ಇರ್ತಾವ, ಅದರಿಂದ ಏನೂ ತಿಳಿಯಂಗಿಲ್ಲ. 45ನೇ ದಿನದ್ದರಾಗ ಗೆರಿ ಅಗಲ ಅಳೀರಿ. ಮೊದಲ ದಿನಕ್ಕಿಂತ ಎದ್ದು ಕಾಣೋವಷ್ಟು ಅಗಲಾಗಿದ್ರ ಆಳ ಮತ್ತ ತಪ್ಪೈತಿ ಅಂತ ಅರ್ಥ, ಸಿಲಿಕಾನ್ ಹಾಳಿಗೆ ವಾಪಸ್ ಬರ್ರಿ. ಚುಕ್ಕಿ ಬಿಟ್ಟು ಬಿಟ್ಟು ಕಂಡ್ರ 60 ದಿನ ಆಗೋತನಕ ಮ್ಯಾಲೆ ಬಡೀಬ್ಯಾಡ್ರಿ, ಅರ್ಧ ಮಾಗಿದ ಚರ್ಮಕ್ಕ ಮತ್ತ ಏಟು ಬಿದ್ರ ಗಂಟು ಕಟ್ತೈತಿ.

ಮೊದಲ ಐದು ಮಂದಿಗೆ (ಸೈನ್ಯಕ್ಕ ಹೊರಟ ಹುಡುಗರು ಇದರಾಗ ಬ್ಯಾಡ) ಮುಂಗೈ ಹೊರಭಾಗ, ನಾಕು ಸೆಂ.ಮೀ.ಗಿಂತ ಉದ್ದ ಇಲ್ಲದ ನೆಟ್ಟನೆ ಗೆರಿ, ಅಷ್ಟೇ. ಐದೂ ಮಂದಿಯ 45ನೇ ದಿನದ ಫೋಟೋ ಕೈಗೆ ಬಂದ ಮ್ಯಾಲೆ ಆರನೇಯವರನ್ನ ಕೂಡಿಸ್ರಿ.